ವಾರ್ಡ್‌ರೋಬ್ ಹಿಂದಿನ ಗೋಡೆ: ಬೂಷ್ಟು ಬಿಡಿಸಲು ಹಿಡಿದ ಹದಿಮೂರು ತಿಂಗಳು

ಕಳೆದ ವರ್ಷ ಜೂನ್ ಮೂರನೇ ವಾರ ಮಲಗುವ ಕೋಣೆಯ ವಾರ್ಡ್‌ರೋಬ್ ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ಅರೆಯ ಬಟ್ಟೆ ಸರಿಸಿದರೆ ಹಿಂಬದಿಯ ಪ್ಲೈವುಡ್ ತುಂಬ ಹಸಿರುಗಪ್ಪು ಚುಕ್ಕಿಗಳು. ಪ್ಲೈವುಡ್ ಬಿಚ್ಚಿಸಿದ ಮೇಲೆ ಗೋಡೆಯಲ್ಲಿ ಕಂಡದ್ದು 4 ಅಡಿ ಅಗಲ, 2 ಅಡಿಗೂ ತುಸು ಹೆಚ್ಚು ಎತ್ತರದ ಬೂಷ್ಟಿನ ಹಾಸು. ಆ ಗೋಡೆ ಪೂರ್ತಿ ಸರಿಹೋಗಿದ್ದು ಈ ಜುಲೈನಲ್ಲಿ. ಹದಿಮೂರು ತಿಂಗಳಲ್ಲಿ ಬೂಷ್ಟು ಒರೆಸಿ ತೆಗೆದ ಕೆಲಸ ಮೂರೂವರೆ ಗಂಟೆಯದು. ಉಳಿದದ್ದೆಲ್ಲ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ್ದು, ಅದನ್ನು ನಿಲ್ಲಿಸಲು ಮಳೆ ಬಿಡುವವರೆಗೆ ಕಾದದ್ದು, ಗೋಡೆ ಒಣಗುವವರೆಗೆ ಮತ್ತೆ ಕಾದದ್ದು.

ಈ ಲೆಕ್ಕ ಮೊದಲೇ ಗೊತ್ತಿದ್ದರೆ ಅದರ ಹಿಂದಿನ ವರ್ಷ 11,000 ರೂಪಾಯಿ ಕೊಟ್ಟು ಅದೇ ಗೋಡೆಗೆ ಫಂಗಸ್ ನಿರೋಧಕ ಬಣ್ಣ ಬಳಿಸುತ್ತಿರಲಿಲ್ಲ. ಬಣ್ಣದ್ದೇನೂ ದೋಷವಿರಲಿಲ್ಲ. ಒಳಗೆ ನೀರು ಕುಡಿದ ಗೋಡೆಯ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ತೇವ ಒಳಗಿನಿಂದ ತಳ್ಳುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದಲ್ಲಿ ಬಣ್ಣದಡಿಯ ಪುಟ್ಟಿ ಉದುರುತ್ತದೆ, ಆ ಪುಡಿಯ ಮೇಲೆ ಬೂಷ್ಟು ಮತ್ತೆ ಕೂರುತ್ತದೆ. ನಮ್ಮ ಗೋಡೆಯಲ್ಲಿ ಇದಕ್ಕೆ ಹತ್ತು ತಿಂಗಳು ಸಾಕಾಯಿತು.

ಮನೆ ಮಂಗಳೂರಿನಲ್ಲಿ, ಮೂರನೇ ಮಹಡಿ, 18 ವರ್ಷದ ಕಟ್ಟಡ. ಗೋಡೆ ಕೆಂಪುಕಲ್ಲಿನದು, 8 ಇಂಚು ದಪ್ಪ, ಪಶ್ಚಿಮಕ್ಕೆ ಮುಖ. ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ, ಮಳೆ ನೆಟ್ಟಗೆ ಬೀಳದೆ ಓರೆಯಾಗಿ ಪಶ್ಚಿಮದ ಗೋಡೆಗೇ ಬಡಿಯುತ್ತದೆ. ಕೆಂಪುಕಲ್ಲು ತೂತುತೂತಿನ ಕಲ್ಲು. ಹೊರಗಿನ ಗಾರೆ ಗಟ್ಟಿಯಿರುವ ತನಕ ತೊಂದರೆಯಿಲ್ಲ, ಅದರಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೂ ಕಲ್ಲು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಮೊದಲ ವಾರ ಏನನ್ನೂ ಒರೆಸಲಿಲ್ಲ. ನೋಡಿದ ತಕ್ಷಣ ಒಣಬಟ್ಟೆಯಲ್ಲಿ ಉಜ್ಜಿಬಿಡುವ ಆತುರ ಎಲ್ಲರಿಗೂ ಬರುತ್ತದೆ, ದಯವಿಟ್ಟು ತಡೆದುಕೊಳ್ಳಿ. ಒಣಗಿದ ಬೂಷ್ಟನ್ನು ಉಜ್ಜಿದರೆ ಅದರ ಬೀಜಕಣಗಳು ಇಡೀ ಕೋಣೆಗೆ ಹಾರುತ್ತವೆ. ಕಪ್ಪಗಿದ್ದ ಮಾತ್ರಕ್ಕೆ ವಿಷದ್ದು, ಬೆಳ್ಳಗಿದ್ದರೆ ಸಾದಾ ಎಂದು ಬಣ್ಣ ನೋಡಿ ಹೇಳಲು ಬರುವುದಿಲ್ಲ. ಯಾವ ಜಾತಿಯದೆಂದು ಪ್ರಯೋಗಾಲಯಕ್ಕೆ ಕಳಿಸುವ ಅಗತ್ಯವೂ ಇಲ್ಲ. ಯಾವುದೇ ಆಗಲಿ, ಮಾಡಬೇಕಾದ ಕೆಲಸ ಒಂದೇ. ಆದರೆ ಮನೆಯಲ್ಲಿ ಆಸ್ತಮಾ ಇರುವವರು, ಹಸುಗೂಸು, ಕೀಮೋಥೆರಪಿಯಲ್ಲಿರುವವರು ಅಥವಾ ಅಂಗ ಕಸಿ ಮಾಡಿಸಿಕೊಂಡವರು ಇದ್ದರೆ ಅವರನ್ನು ಆ ಕೋಣೆಯಿಂದ ಅಂದೇ ಬೇರೆಡೆ ಮಲಗಿಸಿ, ಸ್ವಚ್ಛಗೊಳಿಸುವ ದಿನ ಮನೆಯಿಂದಲೇ ಹೊರಗೆ ಕಳಿಸಿ.

ಮೊದಲು ಕೇಳಿಕೊಳ್ಳಬೇಕಾದದ್ದು ಇದು ನಿಜಕ್ಕೂ ಬೂಷ್ಟೇ ಎಂದು. ನಮ್ಮ ಗೋಡೆಯಲ್ಲಿ ಎರಡೂ ಇದ್ದವು: ಕೆಳಭಾಗದಲ್ಲಿ ಕಪ್ಪು ಬೂಷ್ಟು, ಮೇಲೆ ಹತ್ತಿಯಂಥ ಬಿಳಿ ಹೂವು. ಬಿಳಿಯದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕರಗಿ ಮಾಯವಾಯಿತು. ಅದು ಗಾರೆಯೊಳಗಿನ ಉಪ್ಪು, ನೀರಿನ ಜೊತೆ ಹೊರಬಂದು ಹರಳುಗಟ್ಟಿದ್ದು. ಬೂಷ್ಟು ನೀರಿನಲ್ಲಿ ಕರಗುವುದಿಲ್ಲ, ಮೆತ್ತಿಕೊಳ್ಳುತ್ತದೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಎರಡಕ್ಕೂ ಉಪಚಾರ ತದ್ವಿರುದ್ಧ. ಬೂಷ್ಟನ್ನು ಒದ್ದೆ ಮಾಡಿಯೇ ತೆಗೆಯಬೇಕು. ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಂದೇ ಗೋಡೆಯಲ್ಲಿ ಎರಡೂ ಇದ್ದರೆ ಮೊದಲು ಬೂಷ್ಟಿನ ಕೆಲಸ ಮುಗಿಸಿ, ಗೋಡೆ ಒಣಗಿದ ಮೇಲೆ ಉಪ್ಪು ಉದುರಿಸಿ.

ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಪರೀಕ್ಷೆ. ಅಡುಗೆಮನೆಯ ಫಾಯಿಲನ್ನು 1 ಅಡಿ ಚೌಕಕ್ಕೆ ಕತ್ತರಿಸಿ, ಬೂಷ್ಟಿಲ್ಲದ ಜಾಗದಲ್ಲಿ ಗೋಡೆಯ ಮೇಲ್ಮೈ ಒರೆಸಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಹಚ್ಚಿ 48 ಗಂಟೆ ಬಿಡಿ. ಹೊರಮುಖದಲ್ಲಿ, ಅಂದರೆ ಕೋಣೆಯ ಕಡೆ ಹನಿಗಟ್ಟಿದ್ದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ಬೆವರುತ್ತಿದೆ ಎಂದರ್ಥ. ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ. ಮೂರು ಕಡೆ ಅಂಟಿಸಿದೆವು: ವಾರ್ಡ್‌ರೋಬ್ ಹಿಂದೆ, ಕಿಟಕಿಯ ಕೆಳಗೆ, ಮತ್ತು ಸ್ನಾನದ ಮನೆಯ ಮೂಲೆಯಲ್ಲಿ, ಏಕೆಂದರೆ ಅಲ್ಲಿಯ ಚಾವಣಿಯ ಕೆಳಗೂ ಚುಕ್ಕಿಗಳು ಕಾಣಿಸಿಕೊಂಡಿದ್ದವು. ಮೊದಲ ಎರಡು ಗೋಡೆಯ ಕಡೆ ಒದ್ದೆ. ಸ್ನಾನದ ಮನೆಯದು ಕೋಣೆಯ ಕಡೆ ಒದ್ದೆ. ಒಂದೇ ಮನೆಯಲ್ಲಿ ಎರಡು ಬೇರೆ ಬೇರೆ ಕಾಯಿಲೆ! ಸ್ನಾನದ ಮನೆಗೆ ಬೇಕಿದ್ದದ್ದು ಗಾಳಿ, ಮಲಗುವ ಕೋಣೆಗೆ ಬೇಕಿದ್ದದ್ದು ಹೊರಗೋಡೆಯ ರಿಪೇರಿ. ಪರೀಕ್ಷೆ ಮಾಡದೆ ಹೋಗಿದ್ದರೆ ಎರಡಕ್ಕೂ ಒಂದೇ ಮದ್ದು ಹಚ್ಚುತ್ತಿದ್ದೆವು.

ಮೇಲಿನ ಮನೆಯ ಸ್ನಾನಗೃಹ ಸೋರುತ್ತಿರಬಹುದು ಎಂಬ ಅನುಮಾನವೂ ಇತ್ತು. ಅವರನ್ನು ಒಪ್ಪಿಸಿ, ನೆಲದ ನೀರು ಹೋಗುವ ನಹಾನಿ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ನೆಲದಲ್ಲಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಟ್ಟೆವು. ಕೆಳಗೆ ಏನೂ ಬದಲಾಗಲಿಲ್ಲ. ಮಳೆ ಬಂದ ದಿನ ಮತ್ತು ಬಾರದ ದಿನ ಗೋಡೆಯ ಕಲೆ ಎಷ್ಟಗಲ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದು ಫೋಟೋ ತೆಗೆದಿಟ್ಟೆವು. ಪೈಪ್ ಸೋರಿಕೆಯಾದರೆ ಬಿಸಿಲುಗಾಲದಲ್ಲೂ ಕಲೆ ಒಣಗುವುದಿಲ್ಲ, ಮಳೆಯದಾದರೆ ಎರಡು ಮೂರು ದಿನ ಹೊಳವಾದರೂ ಅಂಚು ಹಿಂದೆ ಸರಿಯುತ್ತದೆ. ಈ ಪೆನ್ಸಿಲ್ ಗೆರೆಗಳೇ ಮುಂದೆ ಅಪಾರ್ಟ್‌ಮೆಂಟಿನ ಅಸೋಸಿಯೇಶನ್ ಸಭೆಯಲ್ಲಿ ನಮ್ಮನ್ನು ಕಾಪಾಡಿದವು.

ಸ್ವಚ್ಛಗೊಳಿಸಿದ್ದು ಜುಲೈ ಮೊದಲ ಭಾನುವಾರ. ಗೋಡೆ ಹೇಗೂ ಒದ್ದೆಯಾಗುತ್ತದೆ, ಬೂಷ್ಟು ಮತ್ತೆ ಬರುತ್ತದೆ ಎಂದು ಗೊತ್ತಿದ್ದರೂ ನಾಲ್ಕು ತಿಂಗಳು ಅದನ್ನು ಉಸಿರಾಡುತ್ತ ಕೂರಲಾಗುವುದಿಲ್ಲ. ಸುಮಾರು 10 ಚದರ ಅಡಿಯೊಳಗಿನ ಬೂಷ್ಟನ್ನು ಮನೆಯವರೇ ತೆಗೆಯಬಹುದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಚರಂಡಿಯ ನೀರಿನಿಂದ ಬಂದದ್ದಾದರೆ, ಪೂರ್ತಿ ಸಲಕರಣೆ ಇರುವವರಿಗೆ ಬಿಡಿ. ನಮ್ಮದು ಆ ಮಿತಿಯ ಅಂಚಿನಲ್ಲಿತ್ತು.

ಎನ್‌-95 ಮಾಸ್ಕ್, ಮೊಣಕೈ ಹತ್ತಿರ ಬರುವ ರಬ್ಬರ್ ಗ್ಲೌಸ್, ಗಾಳಿಕಂಡಿ ಇಲ್ಲದ ಕನ್ನಡಕ ಬೇಕೇ ಬೇಕು. ಬಟ್ಟೆಯ ಮಾಸ್ಕ್ ಮತ್ತು ಸರ್ಜಿಕಲ್ ಮಾಸ್ಕ್ ಬೀಜಕಣ ತಡೆಯುವುದಿಲ್ಲ. ಫ್ಯಾನ್, ಏಸಿ ಆಫ್. ಕೋಣೆಯ ಬಾಗಿಲಿಗೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಟೇಪ್ ಮಾಡಿ ಮುಚ್ಚಿ, ಕಿಟಕಿ ತೆರೆದು, ಅದರ ಮುಂದೆ ಟೇಬಲ್ ಫ್ಯಾನನ್ನು ಹೊರಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಓಡಬೇಕಾದ ಫ್ಯಾನ್ ಅದೊಂದೇ. ಗಾಳಿ ಮನೆಯೊಳಗೆ ಬಾರದೆ ಹೊರಗೆ ಹೋಗಬೇಕು.

ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ. ಮೊದಲು ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಿ ಐದು ನಿಮಿಷ ಬಿಡಿ. ಆಮೇಲೆ ಹಳೆಯ ಹತ್ತಿಬಟ್ಟೆ ಅದ್ದಿ ಹಿಂಡಿ, ಕಲೆಯ ಹೊರ ಅಂಚಿನಿಂದ ನಡುವಿಗೆ ಒರೆಸಿ. ನಡುವಿನಿಂದ ಹೊರಕ್ಕೆ ಒರೆಸಿದರೆ ಕಲೆ ದೊಡ್ಡದಾಗುತ್ತದೆ ಅಷ್ಟೆ. ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ. ಒಮ್ಮೆ ಬಳಸಿದ ತುಂಡನ್ನು ಬಕೆಟ್‌ಗೆ ಮತ್ತೆ ಅದ್ದದೆ ನೇರ ಚೀಲಕ್ಕೆ ಹಾಕಬೇಕು. ನಮಗೆ 22 ತುಂಡು ಬೇಕಾಯಿತು. ಸಡಿಲಾದ ಪುಟ್ಟಿಯನ್ನು ಒದ್ದೆಯಿರುವಾಗಲೇ ಲೋಹದ ಪಟ್ಟಿಯಿಂದ ಕೆರೆದು, ಎರಡು ಪದರ ಕಸದ ಚೀಲದಲ್ಲಿ ಕಟ್ಟಿ, ಚೀಲದ ಹೊರಮೈ ಒರೆಸಿ ಆಮೇಲೆ ಮನೆಯಿಂದ ಹೊರಗೆ ಒಯ್ಯಿರಿ.

ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪ್‌ನಲ್ಲಿ ಸಿಗುವ '20 ವಾಲ್ಯೂಮ್' ಬಾಟಲಿಯಲ್ಲಿ 6 ಶೇಕಡಾ ಇರುತ್ತದೆ, ಸಮಪ್ರಮಾಣ ನೀರು ಬೆರೆಸಿದರೆ 3 ಶೇಕಡಾ ಆಗುತ್ತದೆ. ಅಷ್ಟು ಸಾಕು. ಸಿಂಪಡಿಸಿದಾಗ ನೊರೆ ಬರುತ್ತದೆ, ಹದಿನೈದು ನಿಮಿಷ ಬಿಟ್ಟು ಒರೆಸಬೇಕು. ಬೆರೆಸಿದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಎತ್ತಿಡಬೇಡಿ, ಅನಿಲ ಹೊರಬಂದು ಬಾಟಲಿ ಉಬ್ಬುತ್ತದೆ. ಬಣ್ಣದ ಗೋಡೆ, ಬಣ್ಣದ ಬಟ್ಟೆ ಎರಡನ್ನೂ ಅದು ಬಿಳಿಚುವಂತೆ ಮಾಡುತ್ತದೆ, ಆದ್ದರಿಂದ ಮೂಲೆಯಲ್ಲಿ ಪರೀಕ್ಷಿಸಿ ನೋಡಿ.

ಬ್ಲೀಚ್ ಏಕೆ ಬೇಡವೆಂದು ಎಲ್ಲರೂ ಕೇಳುತ್ತಾರೆ. ಟೈಲ್ಸ್ ಮೇಲೆ ಆಗಬಹುದು. ಸ್ನಾನದ ಮನೆಯ ಟೈಲ್ಸ್ ಸಂದಿಗೆ ಲೀಟರ್ ನೀರಿಗೆ 60 ಮಿಲಿಲೀಟರ್ ಮೀರದಂತೆ ಬೆರೆಸಿ ಬಳಸಿದೆವು. ಗಾರೆ, ಪುಟ್ಟಿ, ಮರ ಇವು ಹೀರುವ ವಸ್ತುಗಳು. ಬ್ಲೀಚಿನ ಕ್ಲೋರಿನ್ ಮೇಲ್ಮೈಯಲ್ಲೇ ಖರ್ಚಾಗುತ್ತದೆ, ಅದರ ನೀರು ಮಾತ್ರ ಒಳಗಿಳಿಯುತ್ತದೆ. ಕಪ್ಪು ಬಣ್ಣ ಹೋಗಿ ಗೋಡೆ ಬೆಳ್ಳಗಾದದ್ದಕ್ಕೆ ಗುಣವಾಯಿತು ಎಂದುಕೊಳ್ಳುತ್ತೇವೆ, ಒಳಗಿನ ಬೇರು ಹಾಗೇ ಉಳಿದಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಯಾರೂ ಮರೆಯಬಾರದು: ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗೋ ವಿನೆಗರ್ ಜೊತೆಗೋ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರವದ ಜೊತೆ ಸೇರಿದರೂ ವಿಷಾನಿಲವೇ. ಬಾಗಿಲು ಮುಚ್ಚಿದ ಸಣ್ಣ ಸ್ನಾನದ ಮನೆಯಲ್ಲಿ ಇದು ಜೀವಕ್ಕೇ ಅಪಾಯ. ಒಂದನ್ನು ಬಳಸಿದ ಜಾಗವನ್ನು ಚೆನ್ನಾಗಿ ತೊಳೆಯದೆ ಇನ್ನೊಂದನ್ನು ಸುರಿಯಬೇಡಿ.

ತೋಟ ಇರುವ ಬಂಧುಗಳು ಮೈಲುತುತ್ತು (ತಾಮ್ರದ ಸಲ್ಫೇಟ್) ಹಚ್ಚಲು ಹೇಳಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಊರಿನಲ್ಲಿ ಈ ಸಲಹೆ ಸಹಜ, ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ ಎಂಬುದೂ ನಿಜ. ಆದರೆ ಮಲಗುವ ಕೋಣೆಯ ಗೋಡೆಗೆ ಬೇಡ. ಒಣಗಿದ ಮೇಲೆ ಪುಡಿಯಾಗಿ ಕಣ್ಣು ಮೂಗು ಉರಿಸುತ್ತದೆ, ನೀಲಿ ಕಲೆ ಹೋಗುವುದಿಲ್ಲ.

ವಾರ್ಡ್‌ರೋಬ್‌ನ ಸಾಮಾನುಗಳಲ್ಲಿ ಹತ್ತಿ ಬಟ್ಟೆಗಳನ್ನು ಬಾಲ್ಕನಿಯಲ್ಲಿ ಕೊಡವಿ, ಬೇರೆಯಾಗಿ 60 ಡಿಗ್ರಿ ನೀರಿನಲ್ಲಿ ತೊಳೆದೆವು. ರೇಷ್ಮೆ ಸೀರೆಗಳನ್ನು ನೆರಳಿನಲ್ಲಿ ಹರವಿ, ಮೆತ್ತನೆಯ ಬ್ರಷ್ ಆಡಿಸಿ ಡ್ರೈಕ್ಲೀನಿಂಗ್‌ಗೆ ಕೊಟ್ಟೆವು. ಹತ್ತಿ ಹಾಸಿಗೆ ಒಂದರ ಒಳಗೆ ಬೂಷ್ಟು ಇಳಿದಿತ್ತು, ಅದನ್ನು ಎಸೆಯಬೇಕಾಯಿತು. ಬೇಸರವಾದರೂ ಹಾಸಿಗೆ, ದಿಂಬು, ಉಬ್ಬಿದ ಪಾರ್ಟಿಕಲ್ ಬೋರ್ಡ್ ಇವುಗಳನ್ನು ಉಳಿಸಲು ಹೋಗಬೇಡಿ.

ಇನ್ನು ಕಾಗದಪತ್ರ. ಅಪಾರ್ಟ್‌ಮೆಂಟಿನ ಹೊರಗೋಡೆ ನಮ್ಮದೋ ಎಲ್ಲರದ್ದೋ ಎಂಬುದೇ ಜಗಳದ ಮೂಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಮುಖ್ಯ ಗೋಡೆಗಳನ್ನೂ ಚಾವಣಿಯನ್ನೂ ಸಾಮಾನ್ಯ ಆಸ್ತಿಯ ಪಟ್ಟಿಯಲ್ಲಿಡುತ್ತದೆ. ನಿಮ್ಮ ಕಟ್ಟಡದ ಡೀಡ್ ಆಫ್ ಡಿಕ್ಲರೇಶನ್ (ಯಾವ ಭಾಗ ಎಲ್ಲರದ್ದು ಎಂದು ಹೇಳುವ ದಾಖಲೆ) ತೆಗೆಸಿ ಅದರಲ್ಲಿ ಏನಿದೆ ಎಂದು ಓದಿ, ಆ ಪುಟದ ಪ್ರತಿಯನ್ನೇ ಅಸೋಸಿಯೇಶನ್‌ಗೆ ಕೊಡುವ ಅರ್ಜಿಗೆ ಲಗತ್ತಿಸಿ. ನಾವು ಕೊಟ್ಟದ್ದು ಒಂದು ಪುಟದ ಪತ್ರ, ದಿನಾಂಕವಿರುವ 14 ಫೋಟೋ, ಫಾಯಿಲ್ ಪರೀಕ್ಷೆಯ ಚಿತ್ರ, ಮೇಲಿನ ಮನೆಯಲ್ಲಿ ನೀರು ನಿಲ್ಲಿಸಿ ನೋಡಿದ್ದಕ್ಕೆ ಅವರ ಸಹಿ, ಡೀಡ್‌ನ ಪುಟ. ಸ್ವೀಕೃತಿಯ ಸಹಿ ಹಾಕಿಸಿಕೊಂಡೆವು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಹಿಂದಿನ ವರ್ಷ ಉತ್ತರವೇ ಬಂದಿರಲಿಲ್ಲ. ಪತ್ರಕ್ಕೂ ಏಳು ವಾರ ಹಿಡಿಯಿತು, ಆದರೆ ಬಂತು. ಹೊರಗಿನ ಕೆಲಸ ಅಸೋಸಿಯೇಶನ್ ಖರ್ಚು, ಒಳಗಿನದು ನಮ್ಮದು ಎಂದು ಸೆಪ್ಟೆಂಬರ್ ಸಭೆಯಲ್ಲಿ ತೀರ್ಮಾನವಾಯಿತು. ಬಾಡಿಗೆ ಮನೆಯಲ್ಲಿರುವವರು ಇದೇ ಕಡತವನ್ನು ಮಾಲೀಕರಿಗೆ ಕೊಟ್ಟಿರಿ. ಮನೆ ಬಿಡುವಾಗ ಗೋಡೆ ಹಾಳಾಯಿತೆಂದು ಅಡ್ವಾನ್ಸ್ ಹಿಡಿದುಕೊಳ್ಳದಂತೆ ಅದು ತಡೆಯುತ್ತದೆ.

ಆಟಿ, ಸೋಣ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತುಳು ತಿಂಗಳುಗಳು) ಎರಡೂ ತಿಂಗಳು ಕಾಯುವುದೇ ಕೆಲಸ. ಈ ಅವಧಿಯಲ್ಲಿ ಕಲಿತದ್ದು ಗಾಳಿಯ ತೇವದ ಬಗ್ಗೆ. ಗಾಳಿಯ ತೇವವನ್ನು ಶೇಕಡಾದಲ್ಲಿ ತೋರಿಸುವ, 450 ರೂಪಾಯಿಯ ಹೈಗ್ರೋಮೀಟರ್ ಎರಡು ತಂದೆವು. ಅಗ್ಗದವು ಹತ್ತು ಅಂಶದವರೆಗೂ ತಪ್ಪು ತೋರಿಸುತ್ತವೆ, ಹಾಗಾಗಿ ಒಂದು ಮುಚ್ಚಳದ ಡಬ್ಬಿಯಲ್ಲಿ ಸಣ್ಣ ಬಟ್ಟಲಿನಷ್ಟು ಪುಡಿಯುಪ್ಪಿಗೆ ಕೆಲವೇ ಹನಿ ನೀರು ಹಾಕಿ, ಒದ್ದೆ ಮರಳಿನ ಹದಕ್ಕೆ ಕಲಸಿಟ್ಟು, ಪಕ್ಕದಲ್ಲಿ ಮೀಟರ್ ಇಟ್ಟು ರಾತ್ರಿಯಿಡೀ ಮುಚ್ಚಿದೆವು. ಬೆಳಿಗ್ಗೆ ಅದು 75 ತೋರಿಸಬೇಕು. ನಮ್ಮದರಲ್ಲಿ ಒಂದು 75, ಇನ್ನೊಂದು 69. ಎರಡನೆಯದರ ಮೇಲೆ 'ಆರು ಕೂಡಿಸಿ' ಎಂದು ಚೀಟಿ ಅಂಟಿಸಿದೆವು.

ಒಳಗಿನ ತೇವಾಂಶ 60ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ನಮ್ಮ ಕೋಣೆಯಲ್ಲಿ ಆಗ 86. 'ಕಿಟಕಿ ತೆರೆದಿಡಿ, ಗಾಳಿಯಾಡಲಿ' ಎಂಬ ಮಾತು ಬೆಂಗಳೂರಿಗೋ ಹುಬ್ಬಳ್ಳಿಗೋ ಸರಿ, ಹೊರಗೇ 90 ಇರುವ ಕರಾವಳಿಯ ಜುಲೈಗೆ ಸರಿಯಲ್ಲ. ಮಳೆ ಹೊಯ್ಯುವಾಗ ತೆರೆದ ಕಿಟಕಿ ತೇವವನ್ನು ಒಳಗೆ ಕರೆಯುತ್ತದೆ. ಬಿಸಿಲು ಬಿದ್ದ ಗಂಟೆಗಳಲ್ಲಿ ತೆರೆಯಿರಿ, ಉಳಿದ ಹೊತ್ತು ಮುಚ್ಚಿ ಯಂತ್ರದಿಂದ ಒಣಗಿಸಿ. 16,500 ರೂಪಾಯಿಯ ಡೀಹ್ಯುಮಿಡಿಫೈಯರ್ ತಂದೆವು, ದಿನಕ್ಕೆ 12 ಲೀಟರ್ ಎಂದು ಬರೆದದ್ದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹತ್ತು ಗಂಟೆ ಓಡಿಸಿದರೆ ನಾಲ್ಕು ಲೀಟರ್ ನೀರು ತುಂಬುತ್ತಿತ್ತು, ಎರಡೂವರೆ ಯೂನಿಟ್ ಕರೆಂಟ್ ಆಗುತ್ತಿತ್ತು. ಮೂರನೇ ದಿನ ಮೀಟರ್ 62ಕ್ಕೆ ಇಳಿಯಿತು. ವಾಸನೆ ಆ ವಾರವೇ ಕಡಿಮೆಯಾದದ್ದು ಮನಸ್ಸಿಗೆ ದೊಡ್ಡ ನೆಮ್ಮದಿ. ಏಸಿ ಇರುವವರು 'ಡ್ರೈ' ಮೋಡ್ ಬಳಸಬಹುದು. ಆದರೆ 18-20ಕ್ಕೆ ಇಳಿಸಬೇಡಿ. 28 ಡಿಗ್ರಿ, 85 ಶೇಕಡಾ ತೇವದ ಗಾಳಿ 25 ಡಿಗ್ರಿಯ ಮೇಲ್ಮೈಗೆ ತಾಗಿದರೂ ಬೆವರುತ್ತದೆ. ಏಸಿ ಕೋಣೆಯ ಗೋಡೆ ಅದಕ್ಕಿಂತ ತಣ್ಣಗಾದರೆ ಪಕ್ಕದ ಕೋಣೆಯ ಕಡೆ ಬೂಷ್ಟು ಶುರುವಾಗುತ್ತದೆ. 26 ಸಾಕು.

ಒಳಗಿನ ತೇವ ಎಲ್ಲಿಂದ ಹುಟ್ಟುತ್ತದೆ ಎಂದು ಲೆಕ್ಕ ಹಾಕಿದಾಗ ಬೆರಗಾಯಿತು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ, 14.2 ಕಿಲೋ ಸಿಲಿಂಡರ್ ಒಂದರಿಂದ ಸುಮಾರು 22 ಲೀಟರ್. ಇದರ ಮೇಲೆ ಕುಚ್ಚಲಕ್ಕಿ ಬೇಯುವ ಹಬೆ, ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ. ಬಟ್ಟೆಯನ್ನು ಸ್ನಾನದ ಮನೆಗೆ ಸ್ಥಳಾಂತರಿಸಿ, ಅಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು, ಕೂಲಿ ಸೇರಿ 2,100. ಬಾಗಿಲ ಕೆಳಗೆ ಮುಕ್ಕಾಲು ಇಂಚಾದರೂ ಸಂದು ಇರಲಿ, ಒಳಬರಲು ದಾರಿಯಿಲ್ಲದೆ ಫ್ಯಾನ್ ಗಾಳಿಯನ್ನು ಹೊರಹಾಕಲಾರದು. ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಬೇಕು, ಗೋಡೆಯ ನೀರನ್ನು ವೈಪರ್‌ನಿಂದ ಎಳೆಯಬೇಕು. ಸ್ನಾನದ ಮನೆಯ ಬೂಷ್ಟು ಇಷ್ಟಕ್ಕೇ ನಿಂತಿತು, ಮತ್ತೆ ಬಂದಿಲ್ಲ.

ಅಕ್ಟೋಬರ್‌ನಲ್ಲಿ ಹೊರಗೋಡೆಯ ಕೆಲಸ ಶುರು ಎಂದುಕೊಂಡಿದ್ದೆವು. ಆದರೆ ಮುಂಗಾರು ಮುಗಿದರೂ ಸಂಜೆಯ ಗುಡುಗು ಮಳೆ ಬಿಡಲಿಲ್ಲ. ನೀರು ತಡೆಯುವ ಲೇಪನ ಹಚ್ಚಿದ ದಿನ ಮಳೆ ಬಿದ್ದರೆ ಅದು ಹಾಲಿನಂತೆ ತೊಳೆದುಹೋಗುತ್ತದೆ, ಒದ್ದೆ ಗಾರೆಯ ಮೇಲೆ ಹಚ್ಚಿದರೆ ಸಿಪ್ಪೆಯಂತೆ ಏಳುತ್ತದೆ. ಗುತ್ತಿಗೆದಾರರು ಅವಸರ ಮಾಡಿದರೂ ಒಪ್ಪಲಿಲ್ಲ. ಅಟ್ಟಣಿಗೆ ಕಟ್ಟಿದ್ದು ನವೆಂಬರ್ ಕೊನೆಗೆ.

ಅಟ್ಟಣಿಗೆ ಹತ್ತಿ ಹತ್ತಿರದಿಂದ ನೋಡಿದಾಗಲೇ ನಿಜವಾದ ಕಾರಣಗಳು ಕಂಡವು. ಗಾರೆಯನ್ನು ಮರದ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಎರಡು ಕಡೆ ಟೊಳ್ಳು ಸದ್ದು. ಕಿಟಕಿ ಚೌಕಟ್ಟಿನ ಸುತ್ತಲಿನ ಸೀಲಂಟ್ ಒಣಗಿ ಬಿಟ್ಟುಕೊಂಡಿತ್ತು. ಕಿಟಕಿಯ ಮೇಲೆ ಚಾಚಿದ ಸಜ್ಜೆಯ ಕೆಳಮೈಯಲ್ಲಿ ನೀರು ಕಡಿಯುವ ಗೀರು ಇರಲಿಲ್ಲ. ಗೀರಿದ್ದರೆ ಹನಿ ಅಲ್ಲೇ ಕೆಳಗೆ ಬೀಳುತ್ತದೆ, ಇಲ್ಲದಿದ್ದರೆ ಸಜ್ಜೆಯ ಅಡಿಯಲ್ಲೇ ಹರಿದು ಗೋಡೆ ಸೇರುತ್ತದೆ. ಯಾರೂ ಊಹಿಸದ ಇನ್ನೊಂದಿತ್ತು. ಏಸಿ ಪೈಪಿಗೆ ಕೊರೆದ ತೂತು ಒಳಕ್ಕೆ ಇಳಿಜಾರಾಗಿತ್ತು. ಹೊರಗೆ ಬಡಿದ ಮಳೆನೀರು ಪೈಪ್ ಗುಂಟ ನೇರ ನಮ್ಮ ಗೋಡೆಯ ಹೊಟ್ಟೆಗೆ ಹೋಗುತ್ತಿತ್ತು. ಆ ತೂತು ವಾರ್ಡ್‌ರೋಬಿನ ಎರಡಡಿ ಮೇಲೆ. ಏಸಿ ಹಾಕಿಸುವವರೆಲ್ಲ ಇದನ್ನು ಕೇಳಿ ಮಾಡಿಸಿಕೊಳ್ಳಿ: ತೂತು ಒಳಗಿನಿಂದ ಹೊರಕ್ಕೆ ಇಳಿಯಬೇಕು, ಪೈಪ್ ಹೊರಗೆ ಒಮ್ಮೆ ಕೆಳಗೆ ಬಾಗಿ ಆಮೇಲೆ ಮೇಲೇರಬೇಕು.

ಕೆಲಸದ ಕ್ರಮ ಹೀಗಿತ್ತು. ಒತ್ತಡದ ನೀರಿನಿಂದ ಪಾಚಿ ತೊಳೆದು ಐದು ದಿನ ಒಣಗಲು ಬಿಟ್ಟರು. ಟೊಳ್ಳು ಗಾರೆ ಒಡೆದು ತೆಗೆದರು. ಬಿರುಕುಗಳನ್ನು 'ವಿ' ಆಕಾರದಲ್ಲಿ 6-8 ಮಿಲಿಮೀಟರ್ ಅಗಲ, ಅಷ್ಟೇ ಆಳ ತೆರೆದು, ಧೂಳು ಊದಿ, ಪಾಲಿಮರ್ ಬೆರೆಸಿದ ಗಾರೆ ತುಂಬಿದರು. ಬಿರುಕನ್ನು ತೆರೆಯದೆ ಮೇಲೆ ಸವರಿದರೆ ಮುಂದಿನ ಬೇಸಿಗೆಯಲ್ಲೇ ಬಾಯಿ ಬಿಡುತ್ತದೆ, ನಿಂತು ನೋಡಿ ಮಾಡಿಸಿ. ಕಿಟಕಿ ಸುತ್ತ ಪಾಲಿಯುರೆಥೇನ್ ಸೀಲಂಟ್, ಏಕೆಂದರೆ ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಸಜ್ಜೆಗೆ ಗೀರು ಕೊರೆದರು. ಏಸಿ ತೂತನ್ನು ಮುಚ್ಚಿ ಹೊಸದನ್ನು ಸರಿಯಾದ ಓರೆಯಲ್ಲಿ ಕೊರೆದರು. ತೇಪೆಗಳಿಗೆ ಏಳು ದಿನ ನೀರುಣಿಸಿ, ಒಣಗಿದ ಮೇಲೆ ಪ್ರೈಮರ್, ಆಮೇಲೆ ಹಿಗ್ಗುವ ಗುಣದ ಅಕ್ರಿಲಿಕ್ ಲೇಪನ ಎರಡು ಕೈ, ಮೊದಲನೆಯದು ಅಡ್ಡ, ಎರಡನೆಯದು ಉದ್ದ. ನೀರು ತಡೆದರೂ ಆವಿ ಬಿಡುವಂಥದ್ದನ್ನೇ ಕೇಳಿ ಆರಿಸಿದೆವು. 420 ಚದರ ಅಡಿಗೆ 55ರಂತೆ 23,100, ಅಟ್ಟಣಿಗೆಗೆ 9,500. ಡಿಸೆಂಬರ್ 20ರ ಹೊತ್ತಿಗೆ ಹೊರಗಿನದು ಮುಗಿಯಿತು.

ಇಲ್ಲಿಂದ ಮುಂದಿನ ಕಾಯುವಿಕೆಯೇ ಬಹಳ ಜನ ಎಡವುವ ಜಾಗ. ಹೊರಗೆ ಮುಚ್ಚಿಯಾಯಿತು, ಒಳಗೆ ಬಣ್ಣ ಹೊಡೆಸೋಣ ಎಂದು ಎಲ್ಲರೂ ಹೇಳಿದರು. ಗೋಡೆಯೊಳಗೆ ಒಂದು ಮಳೆಗಾಲದ ನೀರು ಇನ್ನೂ ಇತ್ತು, ಅದು ಹೊರಬರಬೇಕಾದದ್ದು ಈಗ ಮುಖ್ಯವಾಗಿ ನಮ್ಮ ಕೋಣೆಯ ಕಡೆಯಿಂದ. ಇಂಚಿಗೆ ಒಂದು ತಿಂಗಳು ಎಂಬ ಹಳೆಯ ಲೆಕ್ಕವಿದೆ. ಒಳಗಿನ ಹಾಳಾದ ಗಾರೆಯನ್ನು ಕಲೆಯ ಅಂಚಿನಿಂದ ಒಂದಡಿ ಆಚೆಯವರೆಗೆ, ಒಟ್ಟು 45 ಚದರ ಅಡಿ, ಕಲ್ಲು ಕಾಣುವಂತೆ ಒಡೆಸಿ ಹಾಗೇ ಬಿಟ್ಟೆವು. ಜನವರಿ, ಫೆಬ್ರವರಿಯ ಒಣಗಾಳಿಗೆ ಕಿಟಕಿ ಹಗಲಿಡೀ ತೆರೆದಿತ್ತು. 1,100 ರೂಪಾಯಿಯ ಎರಡು ಮುಳ್ಳಿನ ತೇವಮಾಪಕದಿಂದ ಪ್ರತಿ ಭಾನುವಾರ ಅದೇ ಐದು ಜಾಗದಲ್ಲಿ ಅಳೆದೆವು. ಆ ಮಾಪಕ ಮರಕ್ಕಾಗಿ ಮಾಡಿದ್ದು, ಗೋಡೆಯಲ್ಲಿ ಅದರ ಅಂಕಿ ನಿಜವಾದ ಶೇಕಡಾ ಅಲ್ಲ. ಗೋಡೆಯಲ್ಲಿ ಉಪ್ಪಿದ್ದರೆ ಹೆಚ್ಚಾಗಿಯೂ ತೋರಿಸುತ್ತದೆ. ಹಾಗಾಗಿ ಮನೆಯ ಒಳಗೋಡೆಯೊಂದರ ಒಣ ಜಾಗದ ಜೊತೆ ಹೋಲಿಸಬೇಕು. ಒಣಗೋಡೆ 10 ತೋರಿಸುತ್ತಿತ್ತು. ಇದು ಡಿಸೆಂಬರ್‌ನಲ್ಲಿ 34, ಜನವರಿ ಕೊನೆಗೆ 23, ಮಾರ್ಚ್ ಮೂರನೇ ವಾರ 12. ಅಷ್ಟರವರೆಗೆ ಬೆತ್ತಲೆ ಗೋಡೆಯ ಮುಂದೆ ಮಲಗುವುದು ಸುಲಭವಿರಲಿಲ್ಲ, ಬಂದವರ ಪ್ರಶ್ನೆಗಳೂ ಸಾಕಾಗಿದ್ದವು.

ಏಪ್ರಿಲ್ ಮೊದಲ ವಾರ ಹೊಸ ಗಾರೆ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, 12 ಮಿಲಿಮೀಟರ್ ದಪ್ಪ. ಏಳು ದಿನ ನೀರುಣಿಸಿ, ಅಲ್ಲಿಂದ 28 ದಿನ ಒಣಗಲು ಬಿಟ್ಟೆವು. ಮೇಸ್ತ್ರಿ, ಸಾಮಾನು ಸೇರಿ 4,600.

ಬಣ್ಣದ ವಿಚಾರದಲ್ಲಿ ಹಳೆಯ ದಾರಿ ಹಿಡಿದೆವು: ಪುಟ್ಟಿ ಬೇಡ, ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣ. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದದ್ದು ಚೆಂದಕ್ಕೆ ಮಾತ್ರ ಆಗಿರಲಿಲ್ಲ. ಹೊಸ ಸುಣ್ಣದ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಪಿಎಚ್ 12ರ ಮೇಲಿರುತ್ತದೆ, ಅದರಲ್ಲಿ ಬೂಷ್ಟು ಬೆಳೆಯದು. ಗೋಡೆಯ ಆವಿಯನ್ನೂ ಅದು ಹೊರಗೆ ಬಿಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತ ಕ್ಷಾರ ಕಡಿಮೆಯಾಗುತ್ತದೆ, ಅದಕ್ಕೇ ವರ್ಷ ವರ್ಷ ಬಳಿಯುವ ರೂಢಿ. ಚಿಪ್ಪಿನ ಸುಣ್ಣವನ್ನು ನೀರಿನಲ್ಲಿ ವಾರ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದು, ಗೋಡೆಗೆ ನೀರು ಚಿಮುಕಿಸಿ ನಾಲ್ಕು ತೆಳು ಕೈ ಬಳಿದೆವು, ದಿನಕ್ಕೊಂದು. ದಪ್ಪ ಬಳಿದರೆ ಹೊಪ್ಪಳೆ ಏಳುತ್ತದೆ. ಅಂಟಿಗೆಂದು ಅಕ್ಕಿಗಂಜಿ ಬೆರೆಸಬೇಡಿ, ಅದು ಬೂಷ್ಟಿಗೇ ಊಟ. ಸುಟ್ಟ ಸುಣ್ಣದ ಮೇಲೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕನ್ನಡಕ ತೆಗೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೆಯ ಬಣ್ಣ ಅಥವಾ ಪುಟ್ಟಿಯ ಮೇಲೆ ಸುಣ್ಣ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಖರ್ಚು 600 ರೂಪಾಯಿ.

ವಾರ್ಡ್‌ರೋಬನ್ನು ಹಿಂದಿನಂತೆ ಗೋಡೆಗೆ ಅಂಟಿಸಲಿಲ್ಲ. ಹಿಂದೆ ಎರಡು ಇಂಚು ಸಂದು, ಕೆಳಗೆ ನಾಲ್ಕು ಇಂಚಿನ ಕಾಲು, ಹಿಂಬದಿಗೆ ಹೊಸ ಪ್ಲೈವುಡ್, ಅದರ ಮೇಲೂ ಕೆಳಗೂ ಗಾಳಿತೂತು. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ನೀರಿಗೆ ಪದರ ಬಿಡುವುದಿಲ್ಲ ನಿಜ, ಆದರೆ ಬರಿಮೈ ಬಿಟ್ಟರೆ ಅದರ ಮೇಲೂ ಬೂಷ್ಟು ಕೂರುತ್ತದೆ. ಆರೂ ಮುಖಕ್ಕೆ, ಕತ್ತರಿಸಿದ ಅಂಚಿಗೂ ಸೀಲರ್ ಹಚ್ಚಿಸಿ. ಬಡಗಿಗೆ 7,800 ಕೊಟ್ಟೆವು. ಒಳಗೆ ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಡಬ್ಬಿ ಇಟ್ಟಿದ್ದೇವೆ. ತುಂಬಿದ ಉಪ್ಪುನೀರು ಬಟ್ಟೆಯ ಮೇಲೆ ಚೆಲ್ಲಿದರೆ ಕಲೆಯಾಗುತ್ತದೆ, ಕೆಳಗಿನ ಅರೆಯಲ್ಲೇ ಇಡಿ. ಕರ್ಪೂರ, ನುಸಿಗುಳಿಗೆ, ಬೇವಿನೆಲೆ ಇವೆಲ್ಲ ಹುಳಕ್ಕೆ, ಬೂಷ್ಟಿಗೆ ಅಲ್ಲ.

ಹಿಂದಿನ ವರ್ಷದ ಬಣ್ಣವನ್ನು ಬಿಟ್ಟು, ಮಾಸ್ಕು, ಮೀಟರುಗಳು, ಪೆರಾಕ್ಸೈಡ್ ಎಲ್ಲ ಸೇರಿ ನಮ್ಮ ಕೈಯಿಂದ ಸುಮಾರು 36,000 ಹೋಯಿತು, ಅದರಲ್ಲಿ ಅರ್ಧದ ಹತ್ತಿರ ಡೀಹ್ಯುಮಿಡಿಫೈಯರ್ ಒಂದಕ್ಕೇ. ಅಸೋಸಿಯೇಶನ್ ಖರ್ಚು 32,600.

ಈ ಜೂನ್‌ನಲ್ಲಿ ಮಳೆ ಹಿಡಿದ ಹತ್ತನೇ ದಿನ ಮತ್ತೆ ಫಾಯಿಲ್ ಅಂಟಿಸಿದೆವು. ವಾರ್ಡ್‌ರೋಬ್ ಹಿಂದೆ ಎರಡೂ ಕಡೆ ಒಣಗಿತ್ತು. ಕಿಟಕಿಯ ಎಡಮೂಲೆಯಲ್ಲಿ ಮಾತ್ರ ಅಂಗೈಯಗಲ ಒದ್ದೆ. ಟಾರ್ಚ್ ಹಿಡಿದು ನೋಡಿದರೆ ಸೀಲಂಟ್ ಚೌಕಟ್ಟಿನ ಮೂಲೆಯಲ್ಲಿ ಒಂದು ಬೆರಳಿನಷ್ಟು ಬಿಟ್ಟುಹೋಗಿತ್ತು. ಮಳೆ ಮೂರು ದಿನ ಹೊಳವಾದಾಗ ಹೇರ್ ಡ್ರೈಯರ್‌ನಿಂದ ಸಂದು ಒಣಗಿಸಿ, ಹಳೆಯದನ್ನು ಬ್ಲೇಡಿನಿಂದ ಕಿತ್ತು ಹೊಸದು ತುಂಬಿದೆವು. ಜುಲೈ 12ಕ್ಕೆ ಆ ಮೂಲೆಯ ಫಾಯಿಲ್ ಬಿಚ್ಚಿದಾಗ ಒಳಮೈ ಒಣಗಿತ್ತು, ಮಾಪಕ 11, ಕೋಣೆಯ ತೇವಾಂಶ 59. ಹೊರಗೆ ಅಂದು ಬೆಳಿಗ್ಗೆಯಿಂದ ಬಿಡದೆ ಹೊಯ್ಯುತ್ತಿತ್ತು. ಬಟ್ಟೆಗಳನ್ನು ಆ ಸಂಜೆ ಕೆಳಗಿನ ಅರೆಗೆ ಮರಳಿ ಜೋಡಿಸಿದೆವು.